ಕಡಲತೀರದಲ್ಲಿ ದೋಣಿ ಎಳೆಯುವಿಕೆ

ಕಡಲತೀರದಲ್ಲಿ ದೋಣಿ ಎಳೆಯುವಿಕೆ ಎಂದರೆ ಬಂದರು ಅಥವಾ ಧಕ್ಕೆಯ ಆಸರೆಯಿಲ್ಲದ ತೆರೆದ ದಂಡೆಯಲ್ಲಿ ಮೀನುಗಾರಿಕಾ ದೋಣಿಯನ್ನು ನೀರಿನಿಂದ ಮೇಲಕ್ಕೆ, ಅಲೆಗಳು ತಲುಪದ ಎತ್ತರದವರೆಗೆ ಒಯ್ಯುವ ಹಾಗೂ ಅಲ್ಲಿಂದ ಮರಳಿ ನೀರಿಗೆ ಇಳಿಸುವ ಕೆಲಸ. ಕರ್ನಾಟಕದ ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ನಾಡದೋಣಿ, ಪಾತಿ ದೋಣಿ ಮತ್ತು ಕೈರಂಪಣಿ ದೋಣಿಗಳನ್ನು ಬಳಸುವ ಮೀನುಗಾರರ ದಿನಚರಿಯಲ್ಲಿ ಈ ಕೆಲಸವು ಮೀನು ಹಿಡಿಯುವಷ್ಟೇ ಶ್ರಮವನ್ನು ಬೇಡುತ್ತದೆ. ಎಳೆತವನ್ನು ಹಗುರಗೊಳಿಸಲು ಮರದ ದಿಮ್ಮಿ, ಉರುಳೆ, ಹಲಗೆ, ಕಪ್ಪಿ, ತಿರುಗುಕಂಬ, ಚಕ್ರದ ಗಾಡಿ ಮೊದಲಾದ ಸಾಧನಗಳು ಬಳಕೆಯಲ್ಲಿವೆ. ಇವೆಲ್ಲವುಗಳ ಹಿಂದಿರುವ ತತ್ವಗಳು ಕೆಲವೇ: ಘರ್ಷಣೆಯನ್ನು ಕಡಿಮೆ ಮಾಡುವುದು, ಭಾರವನ್ನು ಅಗಲವಾಗಿ ಹಂಚುವುದು ಮತ್ತು ಬಲವನ್ನು ದೂರಕ್ಕೆ ವಿನಿಮಯ ಮಾಡಿಕೊಳ್ಳುವುದು.

ಉಡುಪಿ ಕರಾವಳಿಯಲ್ಲಿ

ಉಡುಪಿ ತಾಲ್ಲೂಕಿನ ಅಲೆವೂರು ಕಡಲಿನಿಂದ ತುಸು ಒಳಕ್ಕಿರುವ ಗ್ರಾಮ. ಅದರ ಪಶ್ಚಿಮಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿದರೆ ಕಟಪಾಡಿ, ಉದ್ಯಾವರ ಮತ್ತು ಮಟ್ಟು ಪ್ರದೇಶಗಳ ದಂಡೆ ಸಿಗುತ್ತದೆ. ಇಲ್ಲಿಂದ ಉತ್ತರಕ್ಕೆ ಪಡುಕೆರೆ ಮತ್ತು ಮಲ್ಪೆ, ದಕ್ಷಿಣಕ್ಕೆ ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ ಮತ್ತು ಹೆಜಮಾಡಿಗಳು ಬಹುಮಟ್ಟಿಗೆ ನೇರವಾದ ಮರಳ ದಂಡೆಯ ಮೇಲೆ ಸಾಲಾಗಿವೆ. ಈ ಸಾಲಿನಲ್ಲಿ ಮಲ್ಪೆಯು ದೊಡ್ಡ ಮೀನುಗಾರಿಕಾ ಬಂದರು. ಟ್ರಾಲ್ ಮತ್ತು ಪರ್ಸೀನ್ ದೋಣಿಗಳು ಅಲ್ಲಿ ನೀರಿನಲ್ಲಿಯೇ ನಿಲ್ಲುತ್ತವೆ. ಉಳಿದ ಊರುಗಳ ಸಣ್ಣ ದೋಣಿಗಳಿಗೆ ಮನೆಯ ಮುಂದಿನ ದಂಡೆಯೇ ನಿಲ್ದಾಣ. ಕರಾವಳಿಯವರು ಹೊಯಿಗೆ ಎಂದು ಕರೆಯುವ ಮರಳಿನ ಮೇಲೆ ದೋಣಿಯನ್ನು ಎಳೆಯದೆ ಅವರಿಗೆ ಗತ್ಯಂತರವಿಲ್ಲ.

ಹಿಂದಿನ ಕಾಲದಲ್ಲಿ ಈ ಕೆಲಸಕ್ಕೆ ಜನರ ಕೊರತೆ ಇರಲಿಲ್ಲ. ಬೂತಾಯಿ ಮತ್ತು ಬಂಗುಡೆಯ ಹಿಂಡನ್ನು ದಂಡೆಯಿಂದಲೇ ಬಳಸಿ ಹಿಡಿಯುವ ರಂಪಣಿ ಬಲೆಯ ಎರಡೂ ತುದಿಗಳನ್ನು ಹತ್ತಾರು ಮಂದಿ ಸಾಲುಗಟ್ಟಿ ಎಳೆಯುತ್ತಿದ್ದರು. ಬಲೆಯನ್ನು ಹೊತ್ತ ದೊಡ್ಡ ರಂಪಣಿ ದೋಣಿಯನ್ನು ಮೇಲಕ್ಕೆ ತರುವವರೂ ಅದೇ ಜನ. 1970ರ ದಶಕದ ನಡುಭಾಗದಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆ ಬಂದ ನಂತರ ರಂಪಣಿ ಬೇಗನೆ ಹಿಂದೆ ಸರಿಯಿತು. ಅದರೊಂದಿಗೆ ಒಂದು ಕೂಗಿಗೆ ದಂಡೆಗೆ ಬರುತ್ತಿದ್ದ ಕೈಗಳೂ ಕಡಿಮೆಯಾದವು. ಈಗಿನ ನಾಡದೋಣಿಯಲ್ಲಿ ಕೆಲವೇ ಜನ ಇರುತ್ತಾರೆ. ಪಾತಿ ದೋಣಿಯಲ್ಲಿ ಹೆಚ್ಚೆಂದರೆ ಒಬ್ಬಿಬ್ಬರು. ಮರದ ದೋಣಿಯ ಜಾಗಕ್ಕೆ ಫೈಬರ್ ದೋಣಿ ಬಂದು ಭಾರ ತುಸು ಇಳಿದರೂ ಔಟ್‌ಬೋರ್ಡ್ ಎಂಜಿನ್, ಸೀಮೆಎಣ್ಣೆ ಮತ್ತು ನೈಲಾನ್ ಬಲೆಗಳು ಆ ಉಳಿತಾಯವನ್ನು ಮರಳಿ ತಿಂದುಹಾಕಿವೆ. ವಯಸ್ಸಾದ ಮೀನುಗಾರನು ಕಡಲಿಗೆ ಹೋಗುವುದನ್ನು ನಿಲ್ಲಿಸುವುದು ಎಷ್ಟೋ ಸಲ ಹುಟ್ಟು ಹಾಕಲು ಆಗದೆ ಅಲ್ಲ, ಮರಳಿ ಬಂದ ಮೇಲೆ ದೋಣಿ ಎಳೆಯಲು ಜೊತೆಗಾರರಿಲ್ಲದೆ.

ಮಳೆಗಾಲದಲ್ಲಿ ಈ ಸಮಸ್ಯೆ ತೀವ್ರವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ವಿನಾಯಿತಿ ಇದೆ. ಕಡಲಿನಲ್ಲಿ ತೂಫಾನ್ ಎದ್ದು ತಳ ಕದಡಿದ ಮೇಲೆ ಮೀನು ದಂಡೆಯ ಹತ್ತಿರಕ್ಕೆ ಬರುತ್ತದೆಂಬುದು ನಾಡದೋಣಿಯವರ ನಿರೀಕ್ಷೆ. ಹೀಗಾಗಿ ಅವರ ದುಡಿಮೆಯ ಮುಖ್ಯ ದಿನಗಳೂ ದಂಡೆ ಅತ್ಯಂತ ಒರಟಾಗಿರುವ ದಿನಗಳೂ ಒಂದೇ ಆಗಿರುತ್ತವೆ. ಮಳೆಗಾಲದ ಅಲೆಗಳು ಮರಳನ್ನು ಕೊರೆದು ಒಯ್ಯುವುದರಿಂದ ದಂಡೆಯ ಮೇಲ್ಭಾಗದಲ್ಲಿ ಕಡಿದಾದ ಅಂಚು ಏರ್ಪಡುತ್ತದೆ. ದೋಣಿಯನ್ನು ಈ ಅಂಚಿನ ಮೇಲಕ್ಕೆ ಏರಿಸಬೇಕಾಗುತ್ತದೆ. ಮಳೆಗಾಲ ಕಳೆದ ಮೇಲೆ ಮರಳು ಮರಳಿ ಬಂದು ಇಳಿಜಾರು ಮೆತ್ತಗಾಗುತ್ತದೆ.

ಎಳೆತದ ಲೆಕ್ಕ

ಇಳಿಜಾರಿನ ಮೇಲೆ ದೋಣಿಯನ್ನು ಎಳೆಯುವಾಗ ಎರಡು ಬೇರೆ ಬೇರೆ ತಡೆಗಳನ್ನು ಗೆಲ್ಲಬೇಕು. ಒಂದು, ದೋಣಿಯ ತಳಕ್ಕೂ ಮರಳಿಗೂ ನಡುವಿನ ಘರ್ಷಣೆ. ಇನ್ನೊಂದು, ಗುರುತ್ವಾಕರ್ಷಣೆಯು ದೋಣಿಯನ್ನು ಇಳಿಜಾರಿನ ಕೆಳಕ್ಕೆ ಎಳೆಯುವ ಬಲ. ಇವೆರಡನ್ನೂ ಬೇರ್ಪಡಿಸಿ ನೋಡಿದರೆ ಯಾವ ಸಾಧನ ಎಲ್ಲಿ ಉಪಯುಕ್ತ ಎಂಬುದು ಸ್ಪಷ್ಟವಾಗುತ್ತದೆ.

ಉದಾಹರಣೆಗೆ 500 ಕಿಲೋಗ್ರಾಂ ದ್ರವ್ಯರಾಶಿಯ ದೋಣಿಯೊಂದು 10 ಮೀಟರಿಗೆ 1 ಮೀಟರ್ ಏರುವ ದಂಡೆಯ ಮೇಲಿದೆ ಎಂದು ಭಾವಿಸಬಹುದು. ಅದರ ತೂಕ ಸುಮಾರು 4,900 ನ್ಯೂಟನ್. ತಳದ ಘರ್ಷಣಾಂಕವನ್ನು 0.5 ಎಂದು ಇಟ್ಟುಕೊಂಡರೆ ಘರ್ಷಣೆಯನ್ನು ಮೀರಲು ಸುಮಾರು 2,440 ನ್ಯೂಟನ್, ಏರನ್ನು ಮೀರಲು ಸುಮಾರು 490 ನ್ಯೂಟನ್, ಒಟ್ಟು 2,900 ನ್ಯೂಟನ್‌ಗೂ ಹೆಚ್ಚು ಬಲ ಬೇಕು. ಮರಳಿನಲ್ಲಿ ಕಾಲೂರಿ ಒಬ್ಬ ವ್ಯಕ್ತಿ 250 ನ್ಯೂಟನ್ ಎಳೆಯಬಲ್ಲನೆಂದರೆ 12 ಜನರ ಅಗತ್ಯವಿದೆ. ಉರುಳೆಗಳನ್ನು ಹಾಕಿ ಘರ್ಷಣೆಯ ಪಾಲನ್ನು ಐದನೆಯ ಒಂದಕ್ಕೆ ಇಳಿಸಿದರೆ ಅದು 490 ನ್ಯೂಟನ್‌ಗೆ ಬರುತ್ತದೆ. ಏರಿನ 490 ಸೇರಿ ಒಟ್ಟು 980. ಈಗ ನಾಲ್ಕು ಜನ ಸಾಕು. ಆದರೆ ಉರುಳೆಯಾಗಲಿ ಎಣ್ಣೆಯಾಗಲಿ ಏರಿನ ಪಾಲನ್ನು ಒಂದಿಷ್ಟೂ ಕಡಿಮೆ ಮಾಡಲಾರದು. ಅದಕ್ಕೆ ಇರುವ ದಾರಿಗಳು ಎರಡೇ: ಕಪ್ಪಿ ಅಥವಾ ತಿರುಗುಕಂಬದಿಂದ ಬಲವನ್ನು ಗುಣಿಸುವುದು, ಇಲ್ಲವೆ ಅಲೆ ಮತ್ತು ಭರತದ ನೀರಿನಿಂದಲೇ ಮೇಲೇರಿಸಿಕೊಳ್ಳುವುದು.

ಭಾರವನ್ನು ಇಳಿಸುವುದು ಮಾತ್ರ ಎರಡೂ ತಡೆಗಳನ್ನು ಏಕಕಾಲಕ್ಕೆ ಕಡಿಮೆ ಮಾಡುತ್ತದೆ. ದೋಣಿಯೊಳಗೆ ನಿಂತ 100 ಲೀಟರ್ ನೀರಿನ ಭಾರ 100 ಕಿಲೋಗ್ರಾಂ. ಮೇಲಿನ ಲೆಕ್ಕದಂತೆ ಅದೊಂದೇ ಸುಮಾರು 590 ನ್ಯೂಟನ್‌ನಷ್ಟು, ಅಂದರೆ ಇಬ್ಬರಿಗಿಂತ ಹೆಚ್ಚು ಜನರ ಎಳೆತವನ್ನು ಕಬಳಿಸುತ್ತದೆ. ಎಳೆಯುವ ಮುನ್ನ ನೀರನ್ನು ಮೊಗೆದು ಹಾಕುವುದು, ತಳದ ಬಿರಡೆ ತೆಗೆದು ಬಸಿಯಲು ಬಿಡುವುದು, ಮೀನಿನ ಬುಟ್ಟಿ, ಒದ್ದೆಯಾದ ಬಲೆ ಹಾಗೂ ಎಂಜಿನ್‌ಗಳನ್ನು ಮೊದಲೇ ಹೊತ್ತು ಒಯ್ಯುವುದು ಇವು ಯಾವ ಖರ್ಚೂ ಇಲ್ಲದ, ಆದರೆ ಅವಸರದಲ್ಲಿ ಬಿಟ್ಟುಹೋಗುವ ಕ್ರಮಗಳು.

ನಿಂತ ದೋಣಿಯನ್ನು ಕದಲಿಸಲು ಬೇಕಾದ ಬಲ ಚಲಿಸುತ್ತಿರುವ ದೋಣಿಯನ್ನು ಮುಂದುವರಿಸಲು ಬೇಕಾದ ಬಲಕ್ಕಿಂತ ಹೆಚ್ಚು. ಆದ್ದರಿಂದ ಎಳೆಯುವವರು ಒಂದು ಕೂಗಿಗೆ ಒಟ್ಟಾಗಿ ಜಗ್ಗುತ್ತಾರೆ. ಹನ್ನೆರಡು ಜನ ಹನ್ನೆರಡು ಬೇರೆ ಗಳಿಗೆಗಳಲ್ಲಿ ಎಳೆದರೆ ದೋಣಿ ಕದಲುವುದಿಲ್ಲ. ಎಳೆಯುವ ಮೊದಲು ದೋಣಿಯನ್ನು ಎಡಬಲಕ್ಕೆ ಅಲುಗಿಸುವುದರಿಂದ ತಳಕ್ಕೆ ಹಿಡಿದುಕೊಂಡ ಮರಳು ಸಡಿಲವಾಗುತ್ತದೆ.

ಮರಳಿನ ತೇವ

ಮರಳಿನ ದಂಡೆ ಎಲ್ಲೆಡೆ ಒಂದೇ ರೀತಿಯ ನೆಲವಲ್ಲ. ಅಲೆ ಬಂದು ಹಿಂದೆ ಸರಿಯುವ ಪಟ್ಟಿಯಲ್ಲಿ ಅದು ತೇವವಾಗಿ ಗಟ್ಟಿಯಾಗಿರುತ್ತದೆ. ಬರಿಗಾಲಿನ ಹೆಜ್ಜೆ ಅಲ್ಲಿ ಹೆಚ್ಚು ಆಳಕ್ಕೆ ಮೂಡುವುದಿಲ್ಲ. ಅದರ ಮೇಲಿನ ಒಣ ಮರಳಿನಲ್ಲಿ ಕಾಲು ಹೂತುಹೋಗುತ್ತದೆ. ಒಣ ಮರಳಿನಲ್ಲಿ ಎಳೆತ ಕಠಿಣವಾಗಲು ತಳದ ಉಜ್ಜುವಿಕೆಯೊಂದೇ ಕಾರಣವಲ್ಲ. ದೋಣಿಯ ಮೂತಿಯು ಮರಳಿನೊಳಗೆ ಇಳಿದು, ಅದನ್ನು ಮುಂದಕ್ಕೆ ತಳ್ಳುತ್ತ ಒಂದು ದಿಬ್ಬವನ್ನೇ ಕಟ್ಟುತ್ತದೆ. ಎಳೆಯುವವರು ದೋಣಿಯ ಜೊತೆಗೆ ಆ ದಿಬ್ಬವನ್ನೂ ದೂಡಬೇಕಾಗುತ್ತದೆ.

ತೇವದ ಈ ಪರಿಣಾಮವನ್ನು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಂ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಅಳೆದು 2014ರಲ್ಲಿ ಪ್ರಕಟಿಸಿದರು. ಮರಳಿಗೆ ಸರಿಯಾದ ಪ್ರಮಾಣದ ನೀರು ಬೆರೆತಾಗ ಜಾರುಬಂಡಿಯನ್ನು ಎಳೆಯಲು ಬೇಕಾಗುವ ಬಲ ಒಣ ಮರಳಿನಲ್ಲಿ ಬೇಕಾಗುವುದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಣಗಳ ನಡುವೆ ಉಂಟಾಗುವ ನೀರಿನ ಸೂಕ್ಷ್ಮ ಸೇತುವೆಗಳು ಕಣಗಳನ್ನು ಪರಸ್ಪರ ಹಿಡಿದಿಟ್ಟು ಮರಳನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಬಿಗಿಯಾದ ಮರಳು ಮುಂದೆ ದಿಬ್ಬವಾಗಿ ಒಟ್ಟುಗೂಡುವುದಿಲ್ಲ. ಆದರೆ ನೀರು ಹೆಚ್ಚಾದರೆ ಸೇತುವೆಗಳು ಕರಗಿ ಬಿಗಿತ ಹೋಗುತ್ತದೆ, ಎಳೆತ ಮತ್ತೆ ಭಾರವಾಗುತ್ತದೆ. ಕ್ರಿ.ಪೂ. 1900ರ ಸುಮಾರಿನ ಈಜಿಪ್ಟಿನ ಅಧಿಕಾರಿ ಜೆಹುತಿಹೋತೆಪ್‌ನ ಸಮಾಧಿಯ ಭಿತ್ತಿಚಿತ್ರವೊಂದರಲ್ಲಿ ಬೃಹತ್ ವಿಗ್ರಹವನ್ನು ಜಾರುಬಂಡಿಯ ಮೇಲೆ ಸಾಲುಸಾಲು ಜನ ಎಳೆಯುತ್ತಿದ್ದು, ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬನು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಆ ನೀರು ಕೇವಲ ವಿಧಿಯ ಭಾಗವೆಂದು ಭಾವಿಸಿದವರೂ ಇದ್ದರು. ಪ್ರಯೋಗದ ನಂತರ ಅದಕ್ಕೊಂದು ಕೆಲಸದ ಕಾರಣವೂ ಇದ್ದಿರಬಹುದೆಂಬ ವಾದ ಬಲಗೊಂಡಿತು.

ನೀರು ತುಂಬಿದ ಮರಳಿನದು ಇನ್ನೊಂದು ಗುಣ. ಅಂಚಿನಲ್ಲಿ ನಿಂತ ದೋಣಿಯ ಸುತ್ತ ಪ್ರತಿ ಅಲೆಯೂ ಮರಳನ್ನು ಕೊರೆದು ಮತ್ತೆ ತುಂಬುವುದರಿಂದ ದೋಣಿ ಕ್ರಮೇಣ ಹೂತುಹೋಗುತ್ತದೆ. ಕದಲಿಸಲು ಹೋದಾಗ ಒತ್ತಾಗಿ ಕುಳಿತ ಕಣಗಳು ಒಂದರ ಮೇಲೊಂದು ಹತ್ತಲು ಯತ್ನಿಸಿ ಮರಳು ಹಿಗ್ಗುತ್ತದೆ, ನಡುವಿನ ಜಾಗಕ್ಕೆ ನೀರು ನುಗ್ಗುವವರೆಗೆ ಒಳಗೆ ಹೀರುವ ಒತ್ತಡ ಏರ್ಪಟ್ಟು ತಳವನ್ನು ಹಿಡಿದಿಡುತ್ತದೆ. ಒದ್ದೆ ದಂಡೆಯಲ್ಲಿ ಹೆಜ್ಜೆ ಇಟ್ಟಾಗ ಪಾದದ ಸುತ್ತ ಮರಳು ಕ್ಷಣಕಾಲ ಒಣಗಿದಂತೆ ಬಿಳಿಯಾಗಿ ಕಾಣುವುದೂ ಇದೇ ಕಾರಣದಿಂದ. ಈ ವಿದ್ಯಮಾನವನ್ನು ಆಸ್ಬರ್ನ್ ರೆನಾಲ್ಡ್ಸ್ 1885ರಲ್ಲಿ ವಿವರಿಸಿದರು. ಹೂತ ದೋಣಿಯನ್ನು ಏಕಾಏಕಿ ಜಗ್ಗುವುದಕ್ಕಿಂತ ನಿಧಾನವಾಗಿ ಅಲುಗಿಸಿ ನೀರು ತಳಕ್ಕೆ ಸೇರಲು ಬಿಡುವುದು ಲೇಸು.

ಇದರಿಂದ ದಂಡೆಯ ಕೆಲಸಕ್ಕೆ ಒಂದು ಕ್ರಮ ಸಿದ್ಧವಾಗುತ್ತದೆ. ಅಲೆಯಂಚಿನಲ್ಲಿ ದೋಣಿಯನ್ನು ನಿಲ್ಲಲು ಬಿಡದೆ ತೇವದ ಗಟ್ಟಿ ಪಟ್ಟಿಗೆ ತರಬೇಕು. ಅಲ್ಲಿ ತಳದ ಮೇಲೆಯೇ ಜಾರಿಸಬಹುದು. ಹಲಗೆ ಮತ್ತು ಉರುಳೆಗಳನ್ನು ಮೇಲಿನ ಒಣ ಮರಳಿಗೆ ಮೀಸಲಿಡಬೇಕು. ಸಾಧನಗಳು ಕಡಿಮೆ ಇರುವಲ್ಲಿ ಈ ಹಂಚಿಕೆಯಿಂದ ಹೆಚ್ಚು ಪ್ರಯೋಜನವಿದೆ.

ದಿಮ್ಮಿಗಳು ಮತ್ತು ಉರುಳೆಗಳು

ಅತ್ಯಂತ ಸರಳವಾದ ಸಾಧನ ಅಡ್ಡಲಾಗಿ ಹಾಸಿದ ಮರದ ದಿಮ್ಮಿ. ತೆಂಗಿನ ಕಾಂಡದ ತುಂಡು, ಕರಾವಳಿಯಲ್ಲಿ ಹೇರಳವಾಗಿ ಬೆಳೆಸಿರುವ ಗಾಳಿ ಮರದ ಗಳ ಮೊದಲಾದವು ಇದಕ್ಕೆ ಒದಗುತ್ತವೆ. ದಿಮ್ಮಿ ಉರುಳದೆ ಸ್ಥಿರವಾಗಿದ್ದರೂ ಲಾಭವಿದೆ: ದೋಣಿಯ ಏರುಪಟ್ಟಿ ಮರಳನ್ನು ಉಳುವ ಬದಲು ನಯವಾದ ಮರದ ಮೇಲೆ ಜಾರುತ್ತದೆ. ಅದರ ಮೇಲೆ ನೀರು ಚಿಮುಕಿಸಿದರೆ ಅಥವಾ ಮೀನೆಣ್ಣೆ ಸವರಿದರೆ ಜಾರುವಿಕೆ ಇನ್ನಷ್ಟು ಸುಗಮ. ಪಶ್ಚಿಮ ಕರಾವಳಿಯಲ್ಲಿ ಬೂತಾಯಿಯ ಎಣ್ಣೆ ಮತ್ತು ಗೋಡಂಬಿ ಸಿಪ್ಪೆಯ ಎಣ್ಣೆಗಳನ್ನು ಮರದ ದೋಣಿಯ ರಕ್ಷಣೆಗಾಗಿ ಬಳಿಯುವ ರೂಢಿ ಹಳೆಯದು.

ದಿಮ್ಮಿ ದುಂಡಾಗಿದ್ದು ಉರುಳುವಂತಿದ್ದರೆ ತಡೆ ಬಹಳಷ್ಟು ಇಳಿಯುತ್ತದೆ. ಆದರೆ ಉರುಳೆಯು ತಾನೇ ಮರಳಿನಲ್ಲಿ ಹೂತರೆ ಉರುಳುವುದಿಲ್ಲ, ಬದಲಿಗೆ ನೇಗಿಲಿನಂತೆ ಮರಳನ್ನು ದೂಡುತ್ತದೆ. ಆದ್ದರಿಂದ ಒಣ ಮರಳಿನಲ್ಲಿ ಉರುಳೆಗಳ ಕೆಳಗೆ ಉದ್ದುದ್ದಕ್ಕೆ ಎರಡು ಸಾಲು ಹಲಗೆಗಳನ್ನು ಹಾಸುವುದು ಅವಶ್ಯಕ. ಉರುಳೆಯ ವ್ಯಾಸ ಹೆಚ್ಚಿದಷ್ಟೂ ಅದು ಸಣ್ಣ ಉಬ್ಬುತಗ್ಗುಗಳನ್ನು ಸುಲಭವಾಗಿ ದಾಟುತ್ತದೆ. ಆದರೆ ತೀರ ದಪ್ಪವಾದರೆ ದೋಣಿಯನ್ನು ಅದರ ಮೇಲೆ ಹತ್ತಿಸುವುದೇ ಕಷ್ಟ. ದಪ್ಪ ಗೋಡೆಯ ಪಿವಿಸಿ ಕೊಳವೆಗಳು ಹಗುರವಾಗಿದ್ದು ಕೊಳೆಯದ ಕಾರಣ ಮರಕ್ಕೆ ಪರ್ಯಾಯವಾಗಿವೆ. ಬಿಸಿಲಿನಲ್ಲಿ ಬಹುಕಾಲ ಬಿದ್ದರೆ ಇವು ಪೆಡಸಾಗಿ ಒಡೆಯುತ್ತವೆ.

ಉರುಳೆಗಳ ಬಳಕೆಯಲ್ಲಿ ಒಂದು ಜ್ಯಾಮಿತೀಯ ಸಂಗತಿ ಗಮನಾರ್ಹ. ಬಿಡಿ ಉರುಳೆಯ ಮೇಲೆ ದೋಣಿ 2 ಮೀಟರ್ ಸಾಗಿದಾಗ ಉರುಳೆ ನೆಲದ ಮೇಲೆ 1 ಮೀಟರ್ ಮಾತ್ರ ಸಾಗುತ್ತದೆ. ಅಂದರೆ ಉರುಳೆಯು ದೋಣಿಗಿಂತ ಹಿಂದೆ ಬೀಳುತ್ತಾ ಹೋಗಿ ಕೊನೆಗೆ ಹಿಂಬದಿಯಿಂದ ಹೊರಬರುತ್ತದೆ. ತಳದ ಉದ್ದ 7 ಮೀಟರ್ ಇದ್ದರೆ ಮೂತಿಯ ಕೆಳಗೆ ಇಟ್ಟ ಉರುಳೆ ದೋಣಿ 14 ಮೀಟರ್ ಸಾಗಿದ ಮೇಲೆ ಹಿಂದೆ ಬಿಡುಗಡೆಯಾಗುತ್ತದೆ. ಅದನ್ನು ಎತ್ತಿಕೊಂಡು ಮುಂದೆ ಓಡಿ ಇಡಲು ಒಬ್ಬರನ್ನು ಗೊತ್ತುಪಡಿಸಬೇಕಾಗುತ್ತದೆ. ಎಳೆಯುವ ಬಲ ಉಳಿದರೂ ಓಡುವ ಕೆಲಸ ಹೆಚ್ಚುತ್ತದೆ. ಚೌಕಟ್ಟಿನೊಳಗೆ ಅಚ್ಚಿನ ಮೇಲೆ ಕೂರಿಸಿದ ಉರುಳೆಗಳು ಇದ್ದಲ್ಲಿಯೇ ತಿರುಗುವುದರಿಂದ ಈ ಓಡಾಟ ಕಡಿಮೆ, ಆದರೆ ಅಚ್ಚಿಗೆ ಮರಳು ಮತ್ತು ಉಪ್ಪುನೀರು ಸೇರಿ ಬೇಗನೆ ಸವೆಯುತ್ತದೆ ಅಥವಾ ತುಕ್ಕು ಹಿಡಿಯುತ್ತದೆ.

ದೋಣಿಯನ್ನು ತಿರುಗಿಸಲು ಸಹ ಉರುಳೆಗಳೇ ಚುಕ್ಕಾಣಿ. ಉರುಳೆಯು ತನ್ನ ಉದ್ದಕ್ಕೆ ಲಂಬವಾದ ದಿಕ್ಕಿನಲ್ಲಿ ಮಾತ್ರ ಸಾಗುತ್ತದೆ. ಮುಂದಿನ ಉರುಳೆಯ ಬಲತುದಿಯನ್ನು ತುಸು ಮುಂದಕ್ಕೆ ತಳ್ಳಿದರೆ ಮೂತಿ ಎಡಕ್ಕೆ ಹೊರಳುತ್ತದೆ. ಎಡತುದಿಯನ್ನು ತಳ್ಳಿದರೆ ಬಲಕ್ಕೆ. ಈ ಹೊಂದಾಣಿಕೆಯನ್ನು ದೋಣಿ ನಿಂತಿರುವಾಗ, ಕೋಲಿನಿಂದ ಮಾಡಬೇಕೇ ಹೊರತು ಚಲಿಸುವಾಗ ಕೈಯಿಂದ ಅಲ್ಲ.

ಎಲ್ಲ ದೋಣಿಗಳನ್ನೂ ಎಳೆಯಲೇಬೇಕೆಂದಿಲ್ಲ. ಸಣ್ಣ ದೋಣಿಯ ಎರಡೂ ತುದಿಗಳಿಗೆ ಹಗ್ಗದ ಕುಣಿಕೆ ಹಾಕಿ, ಅದರಲ್ಲಿ ಗಳ ತೂರಿಸಿ ಹೆಗಲ ಮೇಲೆ ಹೊರಬಹುದು. ಜನ ಸಾಲದಿದ್ದರೆ ಒಂದು ತುದಿಯನ್ನಷ್ಟೇ ಎತ್ತಿ ಪಕ್ಕಕ್ಕೆ ಸರಿಸಿ, ನಂತರ ಇನ್ನೊಂದು ತುದಿಯನ್ನು ಎತ್ತಿ ಸರಿಸುತ್ತ ದೋಣಿಯನ್ನು ಹೆಜ್ಜೆ ಹಾಕಿಸಿದಂತೆ ಮೇಲಕ್ಕೆ ಒಯ್ಯಬಹುದು. ಒಂದು ತುದಿ ಎತ್ತಲು ಸುಮಾರು ಅರ್ಧ ಭಾರವನ್ನು ಮಾತ್ರ ಹೊರಬೇಕಾಗುತ್ತದೆ. ನಿಧಾನವಾದರೂ ಇದಕ್ಕೆ ಯಾವ ಸಾಧನವೂ ಬೇಡ.

ದೋಣಿಯ ತಳ

ಫೈಬರ್ ದೋಣಿಯ ಹೊರಮೈಯನ್ನು ಆವರಿಸಿದ ತೆಳುವಾದ ರಾಳದ ಪದರವು ಒಳಗಿನ ಗಾಜಿನ ನಾರನ್ನು ನೀರಿನಿಂದ ಕಾಯುತ್ತದೆ. ಮರಳು ಉಜ್ಜುಕಾಗದದಂತೆ ವರ್ತಿಸಿ ಈ ಪದರವನ್ನು ಸವೆಸುತ್ತದೆ; ಹೆಚ್ಚು ಹಾನಿಯಾಗುವುದು ಏರುಪಟ್ಟಿ ಮತ್ತು ಮೂತಿಯ ಕೆಳಭಾಗದಲ್ಲಿ. ನಾರು ಹೊರಗೆ ಕಂಡ ಮೇಲೆ ನೀರು ಒಳಸೇರಿ ಪದರಗಳು ಬಿಡಿಸಿಕೊಳ್ಳಲಾರಂಭಿಸುತ್ತವೆ, ಹೀರಿದ ನೀರು ದೋಣಿಯ ಭಾರವನ್ನೂ ಏರಿಸುತ್ತದೆ. ಇದನ್ನು ತಡೆಯಲು ತಳದ ಉದ್ದಕ್ಕೂ ಮರ, ಲೋಹ ಅಥವಾ ಗಡಸು ಪ್ಲಾಸ್ಟಿಕ್ಕಿನ ಸವೆತಪಟ್ಟಿಯನ್ನು ಜೋಡಿಸಲಾಗುತ್ತದೆ. ಪಟ್ಟಿ ಸವೆದರೆ ಬದಲಿಸಬಹುದು, ತಳವನ್ನು ಬದಲಿಸಲಾಗದು. ಪಟ್ಟಿಯು ತೀರ ಕಿರಿದಾಗಿದ್ದರೆ ಚಾಕುವಿನಂತೆ ಮರಳಿಗೆ ಇಳಿಯುತ್ತದೆ; ಮೆತ್ತನೆಯ ದಂಡೆಗೆ ಅಗಲವಾದದ್ದೇ ಸೂಕ್ತ. ಪಟ್ಟಿ ಕೂರಿಸಿದ ತಿರುಪುಗಳ ರಂಧ್ರಗಳನ್ನು ಮುಚ್ಚದೆ ಬಿಟ್ಟರೆ ನೀರು ಅಲ್ಲಿಂದಲೇ ಒಳನುಗ್ಗುತ್ತದೆ.

ಹಗ್ಗ, ಕಪ್ಪಿ ಮತ್ತು ತಿರುಗುಕಂಬ

ಹಗ್ಗವನ್ನು ಯಾವ ಕೋನದಲ್ಲಿ ಎಳೆಯಬೇಕು ಎಂಬ ಪ್ರಶ್ನೆಗೆ ನೆಲವೇ ಉತ್ತರ ನೀಡುತ್ತದೆ. ಹಗ್ಗ ತುಸು ಮೇಲ್ಮುಖವಾಗಿದ್ದರೆ ಮೂತಿ ಹಗುರವಾಗಿ ಘರ್ಷಣೆ ಇಳಿಯುತ್ತದೆ, ಆದರೆ ಮುಂದಕ್ಕೆ ಸಿಗುವ ಬಲವೂ ಕಡಿಮೆಯಾಗುತ್ತದೆ. ಘರ್ಷಣಾಂಕ 0.5 ಇರುವ ನೆಲದಲ್ಲಿ ಇವೆರಡರ ಹದವಾದ ಕೋನ ನೆಲದಿಂದ ಸುಮಾರು 27 ಡಿಗ್ರಿ. ಆಗ ಸಮಾನಾಂತರವಾಗಿ ಎಳೆಯುವುದಕ್ಕಿಂತ ಶೇಕಡಾ 10ರಷ್ಟು ಬಲ ಉಳಿಯುತ್ತದೆ. ಉರುಳೆಗಳ ಮೇಲಿದ್ದಾಗ ಘರ್ಷಣೆ ಅಲ್ಪವಾದ್ದರಿಂದ ಹಗ್ಗವು ದಂಡೆಗೆ ಬಹುತೇಕ ಸಮಾನಾಂತರವಾಗಿರಬೇಕು. ಉದ್ದನೆಯ ಹಗ್ಗ ಹಾಕಿದರೆ ಇದು ತಾನಾಗಿಯೇ ಸಾಧ್ಯವಾಗುತ್ತದೆ, ಎಳೆಯುವವರ ಕಾಲುಗಳೂ ಉರುಳೆಗಳಿಂದ ದೂರವಿರುತ್ತವೆ.

ಒಂದೇ ಸ್ಥಿರ ಕಪ್ಪಿಯು ಎಳೆತದ ದಿಕ್ಕನ್ನು ಬದಲಿಸುತ್ತದೆಯೇ ಹೊರತು ಬಲವನ್ನು ಉಳಿಸುವುದಿಲ್ಲ. ದೋಣಿಗೆ ಕಟ್ಟಿದ ಚಲಿಸುವ ಕಪ್ಪಿಯು ಬಲವನ್ನು ಅರ್ಧಕ್ಕೆ ಇಳಿಸುತ್ತದೆ, ಎಳೆಯಬೇಕಾದ ಹಗ್ಗದ ಉದ್ದ ಇಮ್ಮಡಿಯಾಗುತ್ತದೆ. ಮೂರು ಎಳೆಗಳ ಜೋಡಣೆಯಲ್ಲಿ ಬಲ ಮೂರನೆಯ ಒಂದಕ್ಕೆ ಬರಬೇಕು. ಪ್ರತಿ ಕಪ್ಪಿಯಲ್ಲೂ ಒಂದಿಷ್ಟು ಘರ್ಷಣೆಗೆ ನಷ್ಟವಾಗುವುದರಿಂದ ನಿಜವಾದ ಲಾಭ ಅದಕ್ಕಿಂತ ಕಡಿಮೆ. ಇದರ ಇನ್ನೊಂದು ತುದಿಗೆ ಗಟ್ಟಿಯಾದ ಆಧಾರ ಬೇಕು. ದಂಡೆಯ ತೆಂಗಿನ ಮರವನ್ನು ಬಳಸುವುದಾದರೆ ಕಾಂಡಕ್ಕೆ ಗೋಣಿ ಸುತ್ತಿ, ಬುಡಕ್ಕೆ ಹತ್ತಿರವಾಗಿ ಹಗ್ಗ ಬಿಗಿಯಬೇಕು. ಮರವಿಲ್ಲದೆಡೆ ದಿಮ್ಮಿಯೊಂದನ್ನು ಎಳೆತದ ದಿಕ್ಕಿಗೆ ಅಡ್ಡಲಾಗಿ ಆಳವಾಗಿ ಹೂತು ಅದರಿಂದ ಹಗ್ಗವನ್ನು ಹೊರತರಲಾಗುತ್ತದೆ. ನೆಟ್ಟಗೆ ಹೊಡೆದ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ.

ತಿರುಗುಕಂಬ ಅಥವಾ ಕ್ಯಾಪ್‌ಸ್ಟನ್ ಎಂಬುದು ನೆಟ್ಟಗೆ ನಿಲ್ಲಿಸಿದ ಉರುಳೆ. ಅದಕ್ಕೆ ಅಡ್ಡಕೋಲುಗಳನ್ನು ಸಿಕ್ಕಿಸಿ ಜನರು ಸುತ್ತಲೂ ನಡೆಯುತ್ತ ತಿರುಗಿಸಿದಾಗ ಹಗ್ಗ ಸುತ್ತಿಕೊಳ್ಳುತ್ತದೆ. ಕಂಬದ ತ್ರಿಜ್ಯ 10 ಸೆಂಟಿಮೀಟರ್, ಅಡ್ಡಕೋಲಿನ ಉದ್ದ 1.5 ಮೀಟರ್ ಇದ್ದರೆ ಬಲವು ಲೆಕ್ಕಕ್ಕೆ 15 ಪಟ್ಟಾಗುತ್ತದೆ. ಹಗ್ಗವನ್ನು ಕಂಬಕ್ಕೆ ಪೂರ್ತಿ ಸುತ್ತಿ ಕೂಡಿಡಬೇಕಿಲ್ಲ. ಮೂರು ಸುತ್ತು ಹಾಕಿ ಸಡಿಲ ತುದಿಯನ್ನು ಒಬ್ಬರು ಹಿಡಿದರೆ ಸಾಕು, ಘರ್ಷಣಾಂಕ 0.3 ಎಂದುಕೊಂಡರೂ ಮೂರು ಸುತ್ತಿನಲ್ಲಿ ಹಿಡಿತವು 280 ಪಟ್ಟಿಗೂ ಮೀರಿ ಬೆಳೆಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಮದರಾಸಿನಲ್ಲಿ ನೆಲೆಗೊಳಿಸಿದ್ದ ಬಂಗಾಳ ಕೊಲ್ಲಿ ಕಾರ್ಯಕ್ರಮವು 1980ರ ದಶಕದಲ್ಲಿ ಪೂರ್ವ ಕರಾವಳಿಯ ದಂಡೆಗಳಿಗೆಂದು ಹೊಸ ಮಾದರಿಯ ದೋಣಿಗಳನ್ನು ರೂಪಿಸುವಾಗ ಅವನ್ನು ಎಳೆಯುವ ಸಾಧನಗಳ ಮೇಲೂ ಕೆಲಸ ಮಾಡಿತು. ಎಂಜಿನ್ ಅಳವಡಿಸಿದ ಭಾರದ ದೋಣಿಯನ್ನು ದಂಡೆಗೆ ಏರಿಸಲು ಆಗದಿದ್ದರೆ ದೋಣಿ ಎಷ್ಟು ಉತ್ತಮವಾಗಿದ್ದರೂ ನಿರುಪಯುಕ್ತ ಎಂಬುದು ಇದಕ್ಕೆ ಹಿನ್ನೆಲೆ.

ಗಾಡಿ, ಟ್ರ್ಯಾಕ್ಟರ್, ಕ್ರೇನ್

ಅಗಲವಾದ, ಗಾಳಿ ಕಡಿಮೆ ತುಂಬಿದ ಟಯರುಗಳುಳ್ಳ ಗಾಡಿ ಮರಳಿನಲ್ಲಿ ಚೆನ್ನಾಗಿ ಸಾಗುತ್ತದೆ, ಏಕೆಂದರೆ ಭಾರ ಹೆಚ್ಚು ವಿಸ್ತೀರ್ಣದ ಮೇಲೆ ಹಂಚಿಹೋಗುತ್ತದೆ. ಕಿರಿದಾದ ಗಟ್ಟಿ ಚಕ್ರಗಳು ಹೂತು ನಿಲ್ಲುತ್ತವೆ. ದೊಡ್ಡ ದೋಣಿಗಳಿಗೆ ಟ್ರ್ಯಾಕ್ಟರ್ ಅಥವಾ ಕ್ರೇನ್ ಬಾಡಿಗೆಗೆ ತರಲಾಗುತ್ತದೆಯಾದರೂ ದಿನನಿತ್ಯದ ಎಳೆತಕ್ಕೆ ಅದು ದುಬಾರಿ.

ಅಲೆ ಮತ್ತು ಭರತ

ಅರಬ್ಬೀ ಸಮುದ್ರದ ಈ ಭಾಗದಲ್ಲಿ ಭರತ ಮತ್ತು ಇಳಿತಗಳ ನಡುವಿನ ಅಂತರ ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿನಲ್ಲಿ ಸುಮಾರು ಒಂದರಿಂದ ಒಂದೂವರೆ ಮೀಟರ್. ಹತ್ತಕ್ಕೊಂದು ಏರಿನ ದಂಡೆಯಲ್ಲಿ ನೀರಿನ ಮಟ್ಟ 1 ಮೀಟರ್ ಏರಿದರೆ ನೀರಿನಂಚು 10 ಮೀಟರ್ ಮೇಲೆ ಬರುತ್ತದೆ. ಅಷ್ಟು ದೂರದ ಎಳೆತವನ್ನು ಕಡಲೇ ಮಾಡಿಕೊಟ್ಟಂತೆ. ಪ್ರತಿ ಅಲೆಯೂ ಕ್ಷಣಕಾಲ ದೋಣಿಯನ್ನು ಎತ್ತುತ್ತದೆ. ಅನುಭವಿ ತಂಡೇಲನು ಅಲೆ ತಳಕ್ಕೆ ಸೇರಿದ ಗಳಿಗೆಯಲ್ಲಿಯೇ ಎಳೆಯಲು ಕೂಗುತ್ತಾನೆ. ಅಲೆ ಹಿಂದೆ ಸರಿಯುವಾಗ ದೋಣಿ ಜಾರದಂತೆ ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು. ಮೂತಿ ಅಥವಾ ಹಿಂಬದಿ ಅಲೆಗೆ ನೇರವಾಗಿರುವಂತೆ ನೋಡಿಕೊಳ್ಳಬೇಕು.

ಅಪಾಯಗಳು

ದೋಣಿ ಅಲೆಗೆ ಅಡ್ಡಲಾಗಿ ತಿರುಗಿದಾಗ ಮುಂದಿನ ಅಲೆ ಅದನ್ನು ದಂಡೆಯ ಕಡೆಗೆ ಮಗುಚುತ್ತದೆ. ಆದ್ದರಿಂದ ದೋಣಿ ಮತ್ತು ದಂಡೆಯ ನಡುವೆ ನಿಲ್ಲುವುದು ಅತ್ಯಂತ ಅಪಾಯಕರ; ನೀರು ಮೊಣಕಾಲಷ್ಟೇ ಇದ್ದರೂ ನೀರು ತುಂಬಿದ ದೋಣಿಯ ಭಾರ ಟನ್ನುಗಟ್ಟಲೆ ಆಗಬಲ್ಲದು. ಉರುಳೆಗಳ ಮೇಲಿರುವ ದೋಣಿ ಇಳಿಜಾರಿನಲ್ಲಿ ಹಿಂದಕ್ಕೆ ಉರುಳದಂತೆ ಹಿಂಬದಿಗೆ ಮರದ ಬೆಣೆ ಕೊಡುತ್ತ ಬರಬೇಕು. ಎಳೆತವನ್ನು ಹಗುರಗೊಳಿಸುವ ಪ್ರತಿಯೊಂದು ಸಾಧನವೂ ಹಿಂಜಾರುವಿಕೆಯನ್ನೂ ಅಷ್ಟೇ ಹಗುರಗೊಳಿಸುತ್ತದೆ ಎಂಬುದು ಸುಲಭವಾಗಿ ಮರೆತುಹೋಗುವ ಮಾತು. ಬಿಗಿದ ನೈಲಾನ್ ಹಗ್ಗ ಹಿಗ್ಗಿ ಶಕ್ತಿಯನ್ನು ಕೂಡಿಟ್ಟಿರುತ್ತದೆ. ಅದು ಹರಿದರೆ ತುದಿ ಚಾವಟಿಯಂತೆ ಹಿಂದಕ್ಕೆ ಬೀಸುತ್ತದೆ. ಬಿಗಿದ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು, ಹಗ್ಗವನ್ನು ಕೈಗೆ ಅಥವಾ ಸೊಂಟಕ್ಕೆ ಸುತ್ತಿಕೊಳ್ಳಬಾರದು. ತಿರುಗುಕಂಬಕ್ಕೆ ಹಿಮ್ಮುಖ ತಡೆಗೊಕ್ಕೆ ಇಲ್ಲದಿದ್ದರೆ ಕೈಬಿಟ್ಟ ಅಡ್ಡಕೋಲು ವೇಗವಾಗಿ ತಿರುಗಿ ಬಡಿಯುತ್ತದೆ.

ದಿನವೂ ಬಾಗಿ ಜಗ್ಗುವುದರಿಂದ ಬರುವ ಸೊಂಟ ಮತ್ತು ಹೆಗಲಿನ ನೋವು ಹೆಚ್ಚು ಸದ್ದು ಮಾಡದ ಹಾನಿ. ಬೆನ್ನು ಬಾಗಿಸಿ ತೋಳಿನಿಂದ ಎಳೆಯುವುದಕ್ಕಿಂತ ಹಗ್ಗವನ್ನು ಅಗಲವಾದ ಪಟ್ಟಿಯ ಮೂಲಕ ಹೆಗಲಿಗೆ ಹಾಕಿ, ಬೇಕೆಂದಾಗ ತಕ್ಷಣ ಕಳಚುವಂತಿಟ್ಟುಕೊಂಡು, ಕಾಲಿನ ಬಲದಿಂದ ನಡೆದು ಎಳೆಯುವುದು ದೇಹಕ್ಕೆ ಹಿತ.

ಹೋಲಿಕೆಗಳು

ಕೆನಡಾ, ಫಿನ್ಲೆಂಡ್ ಮತ್ತು ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ರಂಧ್ರ ಕೊರೆದು ಮೀನು ಹಿಡಿಯುವವರು ಸಲಕರಣೆ ಹಾಗೂ ಗುಡಾರವನ್ನು ಜಾರುಬಂಡಿಯಲ್ಲಿ ಎಳೆದೊಯ್ಯುತ್ತಾರೆ. ಬರಿಯ ಮಂಜುಗಡ್ಡೆಯ ಮೇಲೆ ಘರ್ಷಣೆ ಅತ್ಯಲ್ಪವಾಗಿದ್ದು ಒಬ್ಬರೇ ದೊಡ್ಡ ಭಾರವನ್ನು ಎಳೆಯಬಲ್ಲರು. ಆದರೆ ಆಳವಾದ ಹಿಮ ಅಥವಾ ನೀರು ಬೆರೆತ ಕೆಸರುಹಿಮದಲ್ಲಿ ಬಂಡಿಯ ಮುಂಭಾಗ ಹಿಮವನ್ನು ಉಳುತ್ತದೆ. ಒಣ ಮರಳಿನಲ್ಲಿ ದೋಣಿಗೆ ಆಗುವುದೂ ಇದೇ. ಅಲ್ಲಿನ ಪರಿಹಾರಗಳೂ ಪರಿಚಿತವೇ: ಬಂಡಿಯನ್ನು ಅಗಲವಾದ ಸ್ಕೀ ಹಲಗೆಗಳ ಮೇಲೆ ಎತ್ತರಿಸುವುದು, ತಳಕ್ಕೆ ನಯವಾದ ಪ್ಲಾಸ್ಟಿಕ್ ಪಟ್ಟಿ ಹಾಕುವುದು, ಭಾರವನ್ನು ತುಸು ಹಿಂದಕ್ಕೆ ಇರಿಸಿ ಮೂತಿಯನ್ನು ಹಗುರವಾಗಿಡುವುದು, ಹಗ್ಗವನ್ನು ಉದ್ದವಾಗಿಸುವುದು. ಇಳಿಜಾರಿನಲ್ಲಿ ಬಂಡಿ ಎಳೆಯುವವರ ಹಿಮ್ಮಡಿಗೆ ಬಡಿಯದಂತೆ ಹಗ್ಗದ ಬದಲು ಗಟ್ಟಿ ಕೋಲನ್ನು ಕಟ್ಟುವುದೂ ಉಂಟು.

ಅಲೆವೂರಿಗೆ ಸಮೀಪದ ಕಟಪಾಡಿ ಸೇರಿದಂತೆ ಕರಾವಳಿಯ ಹಲವೆಡೆ ನಡೆಯುವ ಕಂಬಳದಲ್ಲಿ ಕೋಣಗಳು ಕೆಸರುಗದ್ದೆಯಲ್ಲಿ ಎಳೆಯುವ ಹಲಗೆಯೂ ಒಂದು ಬಗೆಯ ಜಾರುಬಂಡಿಯೇ. ಅಲ್ಲಿ ಉದ್ದೇಶ ಮಾತ್ರ ಬೇರೆ. ಕನೆಹಲಗೆ ಸ್ಪರ್ಧೆಯಲ್ಲಿ ಹಲಗೆಯ ರಂಧ್ರಗಳಿಂದ ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಎಂಬುದೇ ಮುಖ್ಯವಾದ್ದರಿಂದ, ಹಲಗೆಯ ಮೇಲೆ ನಿಂತವನ ಭಾರ ಮತ್ತು ನೀರಿನ ತಡೆ ಅಲ್ಲಿ ತೊಡಕುಗಳಲ್ಲ, ಸ್ಪರ್ಧೆಯ ಅಂಗ.

ಕುಗ್ಗುತ್ತಿರುವ ದಂಡೆ

ಕಡಲ್ಕೊರೆತವನ್ನು ತಡೆಯಲು ಉಡುಪಿ ಕರಾವಳಿಯ ಹಲವು ಭಾಗಗಳಲ್ಲಿ ಬಂಡೆಗಲ್ಲುಗಳ ತಡೆಗೋಡೆಗಳನ್ನು ಹಾಕಲಾಗಿದೆ. ಅವು ಮನೆ, ರಸ್ತೆ ಮತ್ತು ತೋಟಗಳನ್ನು ಕಾಯುತ್ತವೆ. ಆದರೆ ದೋಣಿಯನ್ನು ಗೋಡೆಯ ಮೇಲಿಂದ ಎಳೆಯಲಾಗದು, ಗೋಡೆಯ ಮುಂದೆ ಉಳಿದ ಕಿರಿದಾದ ಮರಳಿನ ಪಟ್ಟಿಯಲ್ಲಿ ಮಳೆಗಾಲದ ರಾತ್ರಿ ಬಿಟ್ಟಿರಲೂ ಆಗದು. ಗೋಡೆಯ ನಡುವೆ ದೋಣಿ ಹಾಯುವಷ್ಟು ತೆರಪು ಇರುವಲ್ಲಿ ಮೀನುಗಾರರು ಆ ದಾರಿಯನ್ನೇ ಅವಲಂಬಿಸುತ್ತಾರೆ. ಅಂತಹ ತೆರಪಿನ ಅಗಲ, ಇಳಿಜಾರು ಮತ್ತು ನೆಲ ದೋಣಿಗೆ ತಕ್ಕಂತಿದ್ದು, ಮೇಲ್ಭಾಗದಲ್ಲಿ ಹಗ್ಗ ಬಿಗಿಯಲು ಒಂದು ಗಟ್ಟಿ ಆಧಾರವಿದ್ದರೆ ಇಬ್ಬರು ಮೂವರು ಸೇರಿ ಕಪ್ಪಿಯ ನೆರವಿನಿಂದ ದೋಣಿಯನ್ನು ಏರಿಸಿಕೊಳ್ಳಬಹುದು. ತೆರಪೇ ಇಲ್ಲದ ಊರಿನ ದೋಣಿಗಳು ನದಿಯ ಅಳಿವೆಗೆ ಅಥವಾ ಪಕ್ಕದೂರಿನ ದಂಡೆಗೆ ಹೋಗಿ ನಿಲ್ಲಬೇಕಾಗುತ್ತದೆ.